ನಿದ್ದೆಗೆಟ್ಟ ದುಡಿಮೆ: ರೂಢಿಯಾಯಿತೆಂಬ ಭ್ರಮೆ

ಕಳೆದ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ತಾಯಿಯೊಬ್ಬರು ತಮ್ಮ ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮಗನಿಗೆ ಮೂವತ್ತನಾಲ್ಕು ವರ್ಷ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ. ಹಂಗಾಮು ಆರಂಭವಾಯಿತೆಂದರೆ ಕಾರ್ಖಾನೆಗೆ ಹಗಲಿರುಳೆಂಬ ಭೇದವಿರುವುದಿಲ್ಲ. ಗಾಣ ತಿರುಗುತ್ತಲೇ ಇರಬೇಕು, ರಸ ಕುದಿಯುತ್ತಲೇ ಇರಬೇಕು. ಮೂರು ಪಾಳಿಗಳಲ್ಲಿ ಜನ ಬದಲಾಗುತ್ತಾರೆ. ಬದಲಿಗೆ ಬರಬೇಕಾದವರು ಬಾರದಿದ್ದರೆ ಒಂದು ಪಾಳಿಯ ಬೆನ್ನಿಗೇ ಮತ್ತೊಂದು ಪಾಳಿಯನ್ನು ಮಾಡಬೇಕಾಗುತ್ತದೆ. ಆ ಯುವಕ ಬಂದದ್ದು ಹೊಟ್ಟೆಯುರಿ, ಹುಳಿತೇಗು ಮತ್ತು ಮಲಬದ್ಧತೆಗೆ ಔಷಧ ಬೇಡಿ. ರಕ್ತದೊತ್ತಡವನ್ನು ನೋಡಿದೆ, 160/100 ಇತ್ತು. ಮತ್ತೊಮ್ಮೆ ಕೂರಿಸಿ ನೋಡಿದೆ, ಅಷ್ಟೇ ಇತ್ತು.

“ನಿದ್ದೆ ಹೇಗಿದೆ?” ಎಂದು ಕೇಳಿದೆ.

“ರಾತ್ರಿಪಾಳಿ ಇದ್ದಾಗ ಹಗಲು ಮೂರು ತಾಸು ಮಲಗತೇನ್ರಿ. ರೂಢಿ ಆಗೇತ್ರಿ ಸರ, ಏನೂ ಅನ್ಸೂದಿಲ್ಲ” ಎಂದ.

ಪಕ್ಕದಲ್ಲಿದ್ದ ತಾಯಿ ಸುಮ್ಮನಿರಲಿಲ್ಲ. “ಎರಡು ಸಲ ಗಾಡಿ ಮ್ಯಾಲಿಂದ ಬಿದ್ದಾನ್ರಿ, ಅದನ್ನ ಹೇಳವಲ್ಲ ನೋಡ್ರಿ” ಎಂದರು.

‘ರೂಢಿ ಆಗಿದೆ’ ಎಂಬ ಈ ಮಾತನ್ನು ನಾನು ನಾಲ್ಕು ದಶಕಗಳ ವೃತ್ತಿಯಲ್ಲಿ ಎಷ್ಟು ಜನರ ಬಾಯಿಂದ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ರಾತ್ರಿ ಬಸ್ಸು ಓಡಿಸುವ ಚಾಲಕರು, ಆಸ್ಪತ್ರೆಯ ನರ್ಸ್‌ಗಳು, ಪೊಲೀಸರು, ಎಟಿಎಮ್ ಕಾಯುವ ವೃದ್ಧರು ಇದನ್ನೇ ಹೇಳುತ್ತಾರೆ. ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಹೊಂದಿಸಿಕೊಂಡು ಬೆಂಗಳೂರಿನಲ್ಲಿ ದುಡಿಯುವ ತರುಣರು ಜಾತ್ರೆಗೆ ಊರಿಗೆ ಬಂದಾಗ ಇದನ್ನೇ ಹೇಳುತ್ತಾರೆ. ನಮ್ಮ ರೈತಬಾಂಧವರನ್ನೂ ಈ ಸಾಲಿನಿಂದ ಬಿಡುವಂತಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿಯ ಸರದಿಯಲ್ಲಿ ಬಂದರೆ ರೈತ ಏನು ಮಾಡಬೇಕು? ಟಾರ್ಚು ಹಿಡಿದು, ಹಾವು ಚೇಳುಗಳ ಭಯದ ನಡುವೆ, ಹೊಲಕ್ಕೆ ನೀರು ಹಾಯಿಸಬೇಕು. ಬೆಳಗಾದೊಡನೆ ದನಕರುಗಳ ಕೆಲಸ, ಹಾಲು, ಸಂತೆ. ಅವನ ಹೆಸರು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಆದರೂ ಅವನದು ರಾತ್ರಿಪಾಳಿಯೇ.

ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ನಿದ್ದೆಗೇಡು ಶರೀರಕ್ಕೆ ರೂಢಿಯಾಗುವುದಿಲ್ಲ. ನಿದ್ದೆ ಸಾಲದೆಂದು ನಮಗೆ ತಿಳಿಸುವ ಅರಿವು ಮಾತ್ರ ಮಂದವಾಗುತ್ತದೆ. ಇವೆರಡೂ ಒಂದೇ ಎಂದು ಭಾವಿಸಿದ್ದರಿಂದ ಎಷ್ಟೋ ಜನ ರೋಗ ಬಲಿತ ಮೇಲೆ ವೈದ್ಯರ ಬಳಿ ಬರುತ್ತಾರೆ.

ಇದನ್ನು ಬರೆಯುವ ಅಧಿಕಾರ ನನಗೆ ಬಂದದ್ದು ಓದಿನಿಂದ ಮಾತ್ರವಲ್ಲ. 1980ರ ದಶಕದಲ್ಲಿ ಬಿ.ಎ.ಎಂ.ಎಸ್. ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಗ ಆಸ್ಪತ್ರೆಯೊಂದರಲ್ಲಿ ನಾವು ಒಂದು ಹಗಲು, ಒಂದು ರಾತ್ರಿ, ಮತ್ತೆ ಮರುದಿನದ ಅರ್ಧ ಹಗಲು ಒಂದೇ ಸಮನೆ ಕೆಲಸ ಮಾಡುವುದು ಸಾಮಾನ್ಯವಾಗಿತ್ತು. ಹಿರಿಯರು ಅದನ್ನು ತರಬೇತಿ ಎನ್ನುತ್ತಿದ್ದರು. ನಾವು ಅದನ್ನು ಪೌರುಷವೆಂದು ತಿಳಿದಿದ್ದೆವು. ಅಂತಹ ಒಂದು ಬೆಳಗಿನ ಜಾವ, ನಾಲ್ಕೂವರೆಯ ಹೊತ್ತಿಗೆ, ಇಬ್ಬರು ಮಕ್ಕಳ ಚಿಕಿತ್ಸಾಪತ್ರಗಳನ್ನು ಮುಂದಿಟ್ಟುಕೊಂಡು ಒಂದು ಮಗುವಿಗೆ ಕೊಡಬೇಕಾದ ಔಷಧವನ್ನು ಇನ್ನೊಂದು ಮಗುವಿನ ಪತ್ರದಲ್ಲಿ ಬರೆದೆ. ಒಂದು ಮಗುವಿಗೆ ಎಂಟು ವರ್ಷ, ಇನ್ನೊಂದಕ್ಕೆ ಹತ್ತು ತಿಂಗಳು. ವಯಸ್ಸಾದ ಸಿಸ್ಟರ್ ಒಬ್ಬರು ಸಿರಿಂಜು ಕೈಗೆ ತೆಗೆದುಕೊಳ್ಳುವ ಮೊದಲು ಪತ್ರವನ್ನು ನನ್ನ ಮುಂದೆ ಹಿಡಿದು, “ಡಾಕ್ಟರೇ, ಇಷ್ಟು ಈ ಕೂಸಿಗೇ?” ಎಂದು ಮೆಲ್ಲಗೆ ಕೇಳಿದರು. ಆ ತಾಯಿ ಕೇಳದೇ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಕೆಲವೊಮ್ಮೆ ನೆನೆಯುತ್ತೇನೆ. ವಿಚಿತ್ರವೆಂದರೆ ಆ ಹೊತ್ತಿಗೆ ನನಗೆ ನಿದ್ದೆ ಬಂದಂತೆಯೇ ಅನಿಸಿರಲಿಲ್ಲ. ‘ನಾನು ಚೆನ್ನಾಗಿಯೇ ಇದ್ದೇನೆ’ ಎಂದುಕೊಂಡಿದ್ದೆ.

ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರವೆಂಬ ಮನೆಯ ಆಧಾರಸ್ತಂಭಗಳೆಂದು ಕರೆದಿದೆ. ಬ್ರಹ್ಮಚರ್ಯವೆಂದರೆ ಗೃಹಸ್ಥರಿಗೆ ಇಂದ್ರಿಯಗಳ ಹಿತಮಿತವಾದ ಬಳಕೆ ಎಂದರ್ಥ. ಚರಕ ಸಂಹಿತೆಯಲ್ಲಿ ನಿದ್ರೆಯ ವಿಸ್ತಾರವಾದ ವಿಚಾರ ಬರುವುದು ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ. ಆ ಅಧ್ಯಾಯದ ಮುಖ್ಯ ವಿಷಯ ಅತಿಸ್ಥೂಲರು ಮತ್ತು ಅತಿಕೃಶರು. ಮೈ ಬೊಜ್ಜಿನ ವಿಷಯವನ್ನೂ ನಿದ್ದೆಯ ವಿಷಯವನ್ನೂ ಆಚಾರ್ಯರು ಒಂದೇ ಅಧ್ಯಾಯದಲ್ಲಿ ಇಟ್ಟದ್ದೇಕೆಂದು ವಿದ್ಯಾರ್ಥಿದೆಸೆಯಲ್ಲಿ ನನಗೆ ಹೊಳೆದಿರಲಿಲ್ಲ. ಮಧುಮೇಹಿಗಳನ್ನು ನೋಡುತ್ತ ನೋಡುತ್ತ ಹೊಳೆಯಿತು. ರಾತ್ರಿ ಎಚ್ಚರವಾಗಿರುವುದು ಶರೀರದಲ್ಲಿ ರೂಕ್ಷತೆಯನ್ನು, ಅಂದರೆ ಒಣಗುವಿಕೆಯನ್ನು ಹೆಚ್ಚಿಸುತ್ತದೆ. ಹಗಲು ಮಲಗುವುದು ಸ್ನಿಗ್ಧತೆಯನ್ನು ಹೆಚ್ಚಿಸಿ ಕಫವನ್ನು ಕೆರಳಿಸುತ್ತದೆ ಎಂದು ಶಾಸ್ತ್ರದ ಅಭಿಪ್ರಾಯ. ರಾತ್ರಿಪಾಳಿಯವರಲ್ಲಿ ವಾತಪ್ರಕೋಪದ ಲಕ್ಷಣಗಳಾದ ಮೈಕೈನೋವು, ಮಲಬದ್ಧತೆ, ಚಡಪಡಿಕೆ ಒಂದು ಕಡೆ, ಕಫದ ಲಕ್ಷಣಗಳಾದ ಜಡತೆ, ಬೊಜ್ಜು ಇನ್ನೊಂದು ಕಡೆ ಒಟ್ಟೊಟ್ಟಿಗೇ ಕಾಣಿಸುವುದನ್ನು ನಾನು ದಿನವೂ ನೋಡುತ್ತೇನೆ.

ನಿದ್ದೆಯನ್ನು ತಡೆಯುವುದನ್ನು ಮಲಮೂತ್ರಗಳ ವೇಗವನ್ನು ತಡೆದಷ್ಟೇ ಹಾನಿಕರವೆಂದು ಶಾಸ್ತ್ರ ಎಣಿಸಿದೆ. ತಡೆದರೆ ಆಕಳಿಕೆ, ಮೈಮುರಿತ, ತಲೆಯ ರೋಗಗಳು, ಕಣ್ಣಿನ ಭಾರ ಬರುತ್ತವೆ. ಅದಕ್ಕೆ ಹೇಳಿದ ಚಿಕಿತ್ಸೆಯೂ ಸರಳವಾಗಿದೆ: ನಿದ್ದೆ ಮತ್ತು ಮೈ ಒತ್ತಿಸಿಕೊಳ್ಳುವುದು. ನಿದ್ದೆಗೆ ಬದಲಿಯಾಗಿ ಯಾವ ಕಷಾಯವನ್ನೂ ಅಲ್ಲಿ ಹೇಳಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇನ್ನು ಆಧುನಿಕ ವಿಜ್ಞಾನದ ಮಾತು. ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಹೇಳುವ ಚಪಲ ನನಗಿಲ್ಲ. ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬಲ್ಲಿ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದು ಇಡೀ ಶರೀರದ ಗಡಿಯಾರವಾಗಿ ಕೆಲಸ ಮಾಡುತ್ತದೆ ಎಂಬುದು ಚರಕರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಕಣ್ಣಿಗೆ ಬೀಳುವ ಬೆಳಕೇ ಈ ಗಡಿಯಾರಕ್ಕೆ ಕೀಲಿ ಕೊಡುವ ಕೈ. ಕತ್ತಲಾದಂತೆ ಮೆಲಟೋನಿನ್ ಎಂಬ ರಸವು ರಕ್ತದಲ್ಲಿ ಹೆಚ್ಚುತ್ತದೆ, ಮೈಬಿಸಿ ಇಳಿಯುತ್ತದೆ, ಜೀರ್ಣಶಕ್ತಿ ತಗ್ಗುತ್ತದೆ. ಬೆಳಗಿನ ಜಾವ ನಾಲ್ಕು ಐದರ ಸುಮಾರಿಗೆ ಮೈಬಿಸಿ ಅತ್ಯಂತ ಕಡಿಮೆಯಿರುತ್ತದೆ. ಎಚ್ಚರದ ಶಕ್ತಿಯೂ ಆಗ ಕೆಳಮಟ್ಟದಲ್ಲಿರುತ್ತದೆ. ನಾನು ತಪ್ಪು ಬರೆದ ಹೊತ್ತೂ ಅದೇ. ಈ ಗಡಿಯಾರವು ಜೀವಕೋಶದ ಒಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣುನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್, ಮೈಕೇಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು. ಮಿದುಳಿನಲ್ಲಿರುವಂತೆಯೇ ಯಕೃತ್ತು, ಮೇದೋಜೀರಕ ಗ್ರಂಥಿ, ಹೃದಯ ಇವಕ್ಕೂ ತಮ್ಮತಮ್ಮ ಚಿಕ್ಕ ಗಡಿಯಾರಗಳಿವೆ. ರಾತ್ರಿ ಎರಡಕ್ಕೆ ಊಟ ಮಾಡಿದವನ ಹೊಟ್ಟೆ ಒಂದು ಕಾಲವನ್ನು ತೋರಿಸಿದರೆ ಮಿದುಳು ಇನ್ನೊಂದನ್ನು ತೋರಿಸುತ್ತದೆ. ಅದೇ ಅನ್ನವನ್ನು ಹಗಲಿನಲ್ಲಿ ಉಂಡಾಗ ಏರುವುದಕ್ಕಿಂತ ಹೆಚ್ಚು ಸಕ್ಕರೆ ರಾತ್ರಿ ಉಂಡಾಗ ರಕ್ತದಲ್ಲಿ ಏರುತ್ತದೆ.

ನಮ್ಮ ನಾಡಿನಲ್ಲಿ ಇದು ಹಳೆಯ ಕಥೆಯೇನೂ ಅಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಯ ದೀಪಗಳಾಗಿ ಬೆಳಗಿದ್ದು 1905ರಲ್ಲಿ. ಅದಕ್ಕೂ ಮೊದಲು ಕಾವಲುಗಾರರು, ಬಂಡಿ ಹೊಡೆಯುವವರು ಮುಂತಾದ ಕೆಲವರನ್ನು ಬಿಟ್ಟರೆ ಕತ್ತಲಾದ ಮೇಲೆ ದುಡಿಯುವವರು ಕಡಿಮೆ. ಲಕ್ಷಾಂತರ ವರ್ಷಗಳಿಂದ ಸೂರ್ಯನಿಗೆ ಹೊಂದಿಕೊಂಡು ಬಂದ ಶರೀರವನ್ನು ನಾಲ್ಕೈದು ತಲೆಮಾರುಗಳಲ್ಲಿ ಬಲ್ಬಿಗೆ ಹೊಂದಿಸಲಾದೀತೇ?

ರೂಢಿಯ ವಿಷಯಕ್ಕೆ ಮರಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಮೇಲಿಂದ ಮೇಲೆ ನನ್ನ ರೋಗಿಗಳಿಗೆ ಹೇಳುತ್ತಿರುತ್ತೇನೆ. ಆರೋಗ್ಯವಂತರಾದ 48 ಜನರನ್ನು ಆರಿಸಿ, ಹದಿನಾಲ್ಕು ದಿನ ಕೆಲವರಿಗೆ ರಾತ್ರಿ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು, ದಿನವೂ ಅವರ ಗಮನಶಕ್ತಿಯನ್ನು ಅಳೆದರು. ಆರು ಗಂಟೆ ಮಲಗಿದವರ ಗಮನಶಕ್ತಿ ದಿನದಿನಕ್ಕೆ ಇಳಿಯುತ್ತ, ಎರಡು ವಾರದ ಕೊನೆಗೆ ನಿದ್ದೆಯನ್ನೇ ಮಾಡದೆ ಕಳೆದವರ ಮಟ್ಟಕ್ಕೆ ಬಂದಿತ್ತು. ನಾಲ್ಕು ಗಂಟೆಯವರದು ಇನ್ನೂ ಕೆಟ್ಟಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ‘ನಿಮಗೆ ಎಷ್ಟು ನಿದ್ದೆ ಬರುತ್ತಿದೆ?’ ಎಂದು ಕೇಳಿದಾಗ ಅವರು ಮೊದಲ ಕೆಲವು ದಿನಗಳ ನಂತರ ಹೆಚ್ಚೇನೂ ಇಲ್ಲವೆಂದೇ ಹೇಳುತ್ತಿದ್ದರು. ಶಕ್ತಿ ಕುಂದುತ್ತಲೇ ಹೋಗಿತ್ತು. ಕುಂದಿದ್ದು ಅವರ ಅರಿವಿಗೆ ಬರುವುದು ಮಾತ್ರ ನಿಂತುಹೋಗಿತ್ತು. ‘ಏನೂ ಅನ್ಸೂದಿಲ್ಲ’ ಎಂದ ನಮ್ಮ ಯುವಕನ ಮಾತು ಇದಲ್ಲದೆ ಬೇರೆಯಲ್ಲ.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹನ್ನೊಂದು ಜನ ಆರೋಗ್ಯವಂತ ಯುವಕರನ್ನು ಆರು ರಾತ್ರಿ ಕೇವಲ ನಾಲ್ಕು ಗಂಟೆ ಮಲಗಿಸಿದರು. ಅಷ್ಟಕ್ಕೇ ಅವರ ಶರೀರವು ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಮಧುಮೇಹದ ಹೊಸ್ತಿಲಿನವರೆಗೆ ಇಳಿಯಿತು. ವಾರ ತುಂಬುವ ಮೊದಲೇ! ಹಾಗಾದರೆ ಹತ್ತು ಹಂಗಾಮು ಕಳೆದವರ ಪಾಡೇನು? ನಮ್ಮಲ್ಲಿ ಸಕ್ಕರೆ ಕಾಯಿಲೆ ಬಂದವರು ಮೊದಲು ಅನ್ನವನ್ನು, ಬಾಳೆಹಣ್ಣನ್ನು, ಹೋಳಿಗೆಯನ್ನು ದೂರುತ್ತಾರೆ. ನಿದ್ದೆಯನ್ನು ಯಾರೂ ನೆನೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಒಂದು ಲೆಕ್ಕವನ್ನು ಮುಂದಿಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಈ ಕಾರಣದಿಂದ ಪ್ರಪಂಚದಲ್ಲಿ 7 ಲಕ್ಷ 45 ಸಾವಿರ ಜನ ತೀರಿಕೊಂಡರೆಂದು ಅವರ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ದೇಹದ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿದಾಗಲೂ ರಾತ್ರಿಪಾಳಿಯನ್ನು ಅದೇ ವರ್ಗದಲ್ಲಿ ಇಟ್ಟಿತು. ಹಾಗೆಂದು ರಾತ್ರಿ ದುಡಿಯುವವರಿಗೆಲ್ಲ ಕ್ಯಾನ್ಸರ್ ಬರುವುದೆಂದು ಯಾರೂ ಗಾಬರಿಯಾಗಬಾರದು. ಅಪಾಯವನ್ನು ಅಲ್ಲಗಳೆಯುವಂತಿಲ್ಲ ಎಂದಷ್ಟೇ ಅದರ ಅರ್ಥ.

ಇವೆಲ್ಲ ವರ್ಷಗಳ ನಂತರ ಬರುವ ರೋಗಗಳು. ಅದೇ ದಿನ ಪ್ರಾಣ ತೆಗೆಯುವುದು ರಸ್ತೆ. ಒಂದೇ ಸಮನೆ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಚುರುಕುತನವು, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನಷ್ಟೇ ಆಗಿರುತ್ತದೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 24 ಗಂಟೆ ಎಚ್ಚರವಿದ್ದರೆ ಅದು ಸುಮಾರು 100 ಮಿಲಿಗ್ರಾಮಿಗೆ ಸಮ. ನಮ್ಮ ದೇಶದ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಜನ್ಮದಲ್ಲಿ ಮದ್ಯವನ್ನು ಮುಟ್ಟದ ಸದಾಚಾರಿಯೂ ರಾತ್ರಿಪಾಳಿ ಮುಗಿಸಿ ಬೈಕನ್ನೇರಿದಾಗ ಕುಡಿದವನಿಗಿಂತ ಮೇಲಾಗಿರುವುದಿಲ್ಲ. ಅವನನ್ನು ತಡೆದು ನಿಲ್ಲಿಸಿ ಊದಿಸುವ ಯಂತ್ರ ಮಾತ್ರ ಇಲ್ಲ. ಎರಡು ಸಲ ಗಾಡಿಯಿಂದ ಬಿದ್ದ ಮಗನ ತಾಯಿಗೆ ಇದನ್ನು ಹೇಳಿದಾಗ ಅವರ ಮುಖದ ಬಣ್ಣ ಇಳಿಯಿತು.

ಇಲ್ಲಿ ಭಕ್ತರು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಬೇಕು. “ಶಿವರಾತ್ರಿಯ ಜಾಗರಣೆ ಮಾಡುತ್ತೇವಲ್ಲ, ಅದೂ ತಪ್ಪೇ?” ಎಂದು ಹಿರಿಯರೊಬ್ಬರು ಕೇಳಿದ್ದರು. ವರ್ಷಕ್ಕೊಂದು ರಾತ್ರಿ, ಲಘು ಆಹಾರ ಅಥವಾ ಉಪವಾಸದೊಡನೆ, ಕುಳಿತ ಜಾಗದಲ್ಲಿ ಮನಸ್ಸನ್ನು ಶಾಂತವಾಗಿಟ್ಟುಕೊಂಡು ಮಾಡುವ ಜಾಗರಣೆಯನ್ನು ಆರೋಗ್ಯವಂತರ ಶರೀರ ಎರಡು ದಿನಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ವರ್ಷಕ್ಕೆ ನೂರೈವತ್ತು ರಾತ್ರಿ, ಚಹ ಕುಡಿಯುತ್ತ, ಯಂತ್ರದ ಮುಂದೆ ನಿಂತು ಮಾಡುವ ಜಾಗರಣೆಗೂ ಇದಕ್ಕೂ ಹೋಲಿಕೆಯಿಲ್ಲ. ಹೆಚ್ಚು ದುಡಿದಷ್ಟೂ ಹೆಚ್ಚು ಕಾಯಕವೆಂದು ವಾದಿಸುವವರೂ ಇದ್ದಾರೆ. ಕಾಯಕವೆಂಬ ಶಬ್ದದೊಳಗೇ ಕಾಯವಿದೆ ಎಂಬುದನ್ನು ಅವರು ಮರೆತಂತಿದೆ.

ಈಗ ಮನೆಯ ಮಾತು. ನಾನು ಬಹಳ ದಿನಗಳಿಂದ ಬರೆಯಬೇಕೆಂದಿದ್ದದ್ದು ಇದನ್ನೇ.

ಅತ್ತೆಯೊಬ್ಬರು ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಸೊಸೆ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ. ಅತ್ತೆಯ ದೂರು, “ಸಿಟ್ಟು ಬಾಳ ಮಾಡತಾಳ್ರಿ, ಏನರ ಔಷಧ ಕೊಡ್ರಿ” ಎಂದು. ಸೊಸೆ ಏನನ್ನೂ ಹೇಳದೆ ತಲೆ ತಗ್ಗಿಸಿ ಕುಳಿತಿದ್ದಳು. ತಲೆಕೂದಲು ಉದುರುತ್ತಿತ್ತು, ಮುಟ್ಟು ಏರುಪೇರಾಗಿತ್ತು. ಅತ್ತೆಯವರನ್ನೇ ಕೇಳಿದೆ: “ಅವ್ವಾ, ನಿಮ್ಮ ಸೊಸಿ ನಿನ್ನೆ ಎಷ್ಟು ತಾಸು ಮಲಗಿದ್ಲು, ಬೆರಳ ಮಡಿಚಿ ಎಣಿಸಿ ಹೇಳ್ರಿ.” ಅವರು ಎಣಿಸತೊಡಗಿದರು. ಬೆಳಿಗ್ಗೆ ಎಂಟೂವರೆಗೆ ಬಂದಳು. ಸ್ನಾನ, ಪೂಜೆ. ರೊಟ್ಟಿ ಬಡಿದಳು, ಪಲ್ಯ ಮಾಡಿದಳು. ಬಟ್ಟೆ ಒಗೆದಳು. ಯಾರೋ ಬೀಗರು ಬಂದರು, ಚಹ ಕೊಟ್ಟಳು. ಒಂದಕ್ಕೆ ಮಲಗಿದಳು. ಮೂರೂವರೆಗೆ ಮಕ್ಕಳು ಶಾಲೆಯಿಂದ ಬಂದರು, ಎದ್ದಳು. ಅತ್ತೆಯವರ ಕೈಯಲ್ಲಿ ಎರಡು ಬೆರಳು ಮಡಿಚಿದ್ದವು, ಮೂರನೆಯದು ಅರ್ಧಕ್ಕೆ ನಿಂತಿತ್ತು. “ನಾ ಎಂದೂ ಎಣಿಸಿ ನೋಡಿರಲಿಲ್ಲರೀ” ಎಂದರು. ಅವರು ಕೆಟ್ಟವರಲ್ಲ. ಹಗಲಿನಲ್ಲಿ ಮಲಗುವ ಹೆಣ್ಣನ್ನು ಸೋಮಾರಿಯೆಂದು ಎಣಿಸುವ ಲೋಕದಲ್ಲಿ ಬೆಳೆದವರು, ಅಷ್ಟೆ. ಮನೆಯ ಗಂಡುಮಕ್ಕಳು ರಾತ್ರಿ ದುಡಿದು ಬಂದರೆ ಮಕ್ಕಳನ್ನು ಗದರಿಸಿ ಮನೆಯನ್ನೆಲ್ಲ ನಿಶ್ಶಬ್ದವಾಗಿಡುತ್ತೇವೆ. ಹೆಣ್ಣುಮಗಳು ಬಂದರೆ ಒಲೆಯ ಮುಂದೆ ನಿಲ್ಲಿಸುತ್ತೇವೆ. ಆ ಸೊಸೆಗೆ ನಾನು ಬರೆದುಕೊಟ್ಟ ಔಷಧಕ್ಕಿಂತ, ಬೆಳಗಿನ ಅಡುಗೆಯನ್ನು ಅತ್ತೆ ತಾವೇ ವಹಿಸಿಕೊಂಡದ್ದು ಹೆಚ್ಚು ಕೆಲಸ ಮಾಡಿತು. ಮೂರು ತಿಂಗಳಲ್ಲಿ ಮುಟ್ಟು ಸರಿಹೋಯಿತು. ಸಿಟ್ಟಿನ ಸುದ್ದಿಯನ್ನು ಅತ್ತೆಯವರು ಮತ್ತೆ ಎತ್ತಲಿಲ್ಲ.

ರಾತ್ರಿಪಾಳಿ ಬಿಡಿ ಎಂದು ಹೇಳುವುದು ವೈದ್ಯನಿಗೆ ಸುಲಭ; ಸಾಲದ ಕಂತು ಕಟ್ಟುವವನಿಗೆ ಅದು ಸಾಧ್ಯವಿಲ್ಲವೆಂದು ಬಲ್ಲೆ. ಆದ್ದರಿಂದ ಪಾಳಿಯಲ್ಲಿದ್ದುಕೊಂಡೇ ಮಾಡಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ರೂಢಿಯಿಲ್ಲದ ಜಾಗರಣೆಯಾದರೆ, ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಹಗಲುನಿದ್ದೆ ನಿಷಿದ್ಧವೆಂದು ಸಾರುವ ಶಾಸ್ತ್ರವೇ ರಾತ್ರಿ ಎಚ್ಚರವಿದ್ದವರಿಗೆ ಹೀಗೆ ವಿನಾಯಿತಿ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಏನನ್ನೂ ಹಾಕುವುದಿಲ್ಲವಾದ್ದರಿಂದ ಇದನ್ನು ಪಾಲಿಸುವುದು ಸುಲಭ. ಪಾಳಿಯಿಂದ ಬಂದೊಡನೆ ಸ್ನಾನ, ಪೂಜೆ, ಒಂದು ಲೋಟ ಬೆಚ್ಚನೆಯ ಹಾಲು ಅಥವಾ ತೆಳುವಾದ ಗಂಜಿ, ನಂತರ ನೇರವಾಗಿ ಹಾಸಿಗೆ. ಹೊಟ್ಟೆ ತುಂಬ ಉಪ್ಪಿಟ್ಟು, ಅವಲಕ್ಕಿ ತಿಂದು ಮಲಗಬಾರದು. ಮಧುಮೇಹಿಗಳು ಮಾತ್ರ ತಮ್ಮ ಗುಳಿಗೆ ಅಥವಾ ಇನ್ಸುಲಿನ್ನಿನ ಹೊತ್ತನ್ನು ಪಾಳಿಗೆ ತಕ್ಕಂತೆ ವೈದ್ಯರನ್ನು ಕೇಳಿಯೇ ಹೊಂದಿಸಿಕೊಳ್ಳಬೇಕು. ವಾಗ್ಭಟರ ಅರ್ಧದ ಲೆಕ್ಕ ಎಂದೋ ಒಮ್ಮೆ ಎಚ್ಚರವಿದ್ದವರಿಗೆ ಸರಿ. ದಿನವೂ ಎಚ್ಚರವಿರುವವರಿಗೆ ಅದು ಸಾಲದೆಂದು ನನ್ನ ಅನುಭವ. ಅಂಥವರು ಬೆಳಿಗ್ಗೆ ನಾಲ್ಕೈದು ಗಂಟೆ ಮಲಗಿ, ಸಂಜೆ ಕೆಲಸಕ್ಕೆ ಹೊರಡುವ ಮೊದಲು ಮತ್ತೆ ಒಂದೂವರೆ ಎರಡು ಗಂಟೆ ಮಲಗುವುದು ಒಳ್ಳೆಯದು. ಎರಡು ತುಂಡಾದರೂ ಚಿಂತೆಯಿಲ್ಲ, ಒಟ್ಟು ಏಳು ಗಂಟೆಯ ಹತ್ತಿರ ಬರಬೇಕು.

ಮಲಗುವ ಕೋಣೆ ಕತ್ತಲಾಗಿರಬೇಕು. ಕಿಟಕಿಗೆ ಕಂಬಳಿ ಇಳಿಬಿಟ್ಟರೆ ಸಾಕು, ಹಣ ಖರ್ಚು ಮಾಡಬೇಕಿಲ್ಲ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಬೆಳಿಗ್ಗೆ ಮನೆಗೆ ಬರುವಾಗ ತಂಪು ಕನ್ನಡಕ ಹಾಕಿಕೊಂಡರೆ ಸೂರ್ಯನ ಬೆಳಕು ಗಡಿಯಾರಕ್ಕೆ ‘ಬೆಳಗಾಯಿತು’ ಎಂದು ಹೇಳುವುದು ತಪ್ಪುತ್ತದೆ. ಆದರೆ ಕಣ್ಣು ಎಳೆಯುತ್ತಿದ್ದರೆ ಗಾಡಿಯನ್ನು ಮುಟ್ಟಲೇಬೇಡಿ. ಕಾರ್ಖಾನೆಯ ಬಸ್ಸಿಗೆ ಕಾಯಿರಿ, ಇಲ್ಲವೇ ಅಲ್ಲಿಯೇ ಇಪ್ಪತ್ತು ನಿಮಿಷ ಒರಗಿ ಹೊರಡಿ. ಚಹ ಕಾಫಿಗಳು ಪಾಳಿಯ ಮೊದಲರ್ಧಕ್ಕೆ ಮಾತ್ರ. ಕುಡಿದ ಕೆಫೀನಿನ ಅರ್ಧಭಾಗ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ನಸುಕಿನ ನಾಲ್ಕಕ್ಕೆ ಕುಡಿದ ಚಹ ಒಂಬತ್ತರ ನಿದ್ದೆಯನ್ನು ಕದಿಯುತ್ತದೆ. ಮುಖ್ಯ ಊಟವನ್ನು ಕೆಲಸಕ್ಕೆ ಹೋಗುವ ಮೊದಲೇ ಮುಗಿಸಿ. ನಡುರಾತ್ರಿ ಹಸಿವಾದರೆ ಮಜ್ಜಿಗೆಯನ್ನೋ ಹಣ್ಣನ್ನೋ ಸೇವಿಸಬಹುದು, ಮಿರ್ಚಿ-ಮಂಡಕ್ಕಿ ಬೇಡ.

ಮಲಗುವ ಮೊದಲು ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದು, ತಲೆಗೆ ಎಣ್ಣೆ ಹಚ್ಚುವುದು, ಆಹಾರದಲ್ಲಿ ಮಿತವಾದ ತುಪ್ಪ ಇವು ಜಾಗರಣೆಯ ರೂಕ್ಷತೆಗೆ ಒಳ್ಳೆಯ ಪ್ರತೀಕಾರ. ನಿದ್ದೆ ತರುವ ಆಹಾರಗಳಲ್ಲಿ ಎಮ್ಮೆಯ ಹಾಲೇ ಶ್ರೇಷ್ಠವೆಂದು ಚರಕರ ಮತ. ಉತ್ತರ ಕರ್ನಾಟಕದ ನಮಗೆ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಬೊಜ್ಜು, ಕೊಲೆಸ್ಟ್ರಾಲ್ ಇದ್ದವರು ಕೆನೆ ತೆಗೆದು ಕುಡಿಯಲಿ. ಅಶ್ವಗಂಧದ ಚೂರ್ಣವನ್ನು ಜಾಹೀರಾತು ನೋಡಿ ತಾವೇ ತೆಗೆದುಕೊಳ್ಳುವವರು ಹೆಚ್ಚಾಗಿದ್ದಾರೆ. ಗರ್ಭಿಣಿಯರು, ಥೈರಾಯ್ಡ್ ಔಷಧ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು. ನಿದ್ದೆಯ ಗುಳಿಗೆಗಳ ವಿಷಯದಲ್ಲಿಯೂ ಇದೇ ಮಾತು.

ಪಾಳಿ ಹಾಕುವ ಅಧಿಕಾರವುಳ್ಳವರೂ ಈ ಪತ್ರಿಕೆಯನ್ನು ಓದುತ್ತಾರೆಂದು ಬಲ್ಲೆ. ಪಾಳಿಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ತಿರುಗಿಸಿದರೆ ಶರೀರಕ್ಕೆ ಹೊಂದಿಕೊಳ್ಳುವುದು ಸುಲಭ. ಹಿಂದುಮುಂದಾಗಿ ತಿರುಗಿಸಿದರೆ ಕಷ್ಟ. 1948ರ ಕಾರ್ಖಾನೆ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತ್ತು. ನಮ್ಮ ರಾಜ್ಯದ 2023ರ ತಿದ್ದುಪಡಿಯು ವಾರದ ಮಿತಿಯನ್ನು ಹಾಗೆಯೇ ಇಟ್ಟು ದಿನದ ಮಿತಿಯನ್ನು 12 ಗಂಟೆಯವರೆಗೆ ಒಯ್ಯಲು, ಮೂರು ತಿಂಗಳ ಓಟಿಯನ್ನು 75ರಿಂದ 144 ಗಂಟೆಗೆ ಏರಿಸಲು ಅವಕಾಶ ಕೊಟ್ಟಿತು. ಉದ್ಯಮದ ಲಾಭನಷ್ಟವನ್ನು ಬಲ್ಲವನು ನಾನಲ್ಲ. ಹನ್ನೆರಡು ಗಂಟೆ ಕೆಲಸ, ಎರಡು ಗಂಟೆ ಪ್ರಯಾಣ, ಮನೆಯಲ್ಲಿ ಮೂರು ಗಂಟೆಯ ಅವಶ್ಯಕ ಕೆಲಸ ಕಳೆದರೆ ಇಪ್ಪತ್ತನಾಲ್ಕರಲ್ಲಿ ಉಳಿಯುವುದು ಏಳು ಎಂಬ ಲೆಕ್ಕವಂತೂ ಬರುತ್ತದೆ. ಆ ಏಳರಲ್ಲಿ ಒಂದು ನಿಮಿಷವೂ ವ್ಯರ್ಥವಾಗಬಾರದು. ಎಷ್ಟು ಮನೆಗಳಲ್ಲಿ ಅದು ಸಾಧ್ಯ?

ಕೆಲವು ಲಕ್ಷಣಗಳನ್ನು ನಿದ್ದೆಗೇಡೆಂದು ತಳ್ಳಿಹಾಕಬಾರದು. ಎದೆಯಲ್ಲಿ ಹಿಂಡಿದಂತೆ ನೋವು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ನನ್ನಂಥವರ ಬಳಿಗೆ ಕಷಾಯಕ್ಕೆ ಬರದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಧಾವಿಸಿ. ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ, ಜೋರಾದ ಗೊರಕೆ, ಗೊರಕೆಯ ನಡುವೆ ಉಸಿರು ನಿಂತಂತಾಗುವುದು ಇದ್ದರೆ ಅದು ಬೇರೆಯೇ ರೋಗ, ಪರೀಕ್ಷೆ ಬೇಕು. ರಾತ್ರಿಪಾಳಿಯಲ್ಲಿ ಐದು ವರ್ಷ ಕಳೆದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ನೋಡಿಸಿಕೊಳ್ಳಲಿ.

ಆ ಯುವಕನ ಸಕ್ಕರೆ ಮಧುಮೇಹದ ಗಡಿಯಲ್ಲಿತ್ತು. ರಕ್ತದೊತ್ತಡಕ್ಕೆ ಪಟ್ಟಣದ ತಜ್ಞರ ಬಳಿಗೆ ಕಳುಹಿಸಿದೆ. ಅವರು ಕೊಟ್ಟ ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾನೆ. ಹೊಟ್ಟೆಯುರಿಗೆ ನಾನು ಔಷಧ ಕೊಟ್ಟೆ. ತಾಯಿ ನಡುಮನೆಯ ಕಿಟಕಿಗೆ ಹಳೆಯ ಕಂಬಳಿಯನ್ನು ಕಟ್ಟಿ, ಒಂಬತ್ತರಿಂದ ಎರಡರವರೆಗೆ ಬಾಗಿಲಲ್ಲಿ ತಾವೇ ಕುಳಿತು, ಬಂದವರನ್ನೆಲ್ಲ ಕಟ್ಟೆಯ ಮೇಲೆಯೇ ಮಾತನಾಡಿಸಿ ಕಳುಹಿಸುತ್ತಿದ್ದರಂತೆ. ಹಂಗಾಮು ಮುಗಿಯುವ ಹೊತ್ತಿಗೆ ಮತ್ತೆ ಬಂದಾಗ ರಕ್ತದೊತ್ತಡ 138/88ಕ್ಕೆ ಇಳಿದಿತ್ತು. ಅದಕ್ಕಿಂತ ನನಗೆ ಸಮಾಧಾನ ತಂದದ್ದು ಅವನು ಹೊರಡುವಾಗ ಹೇಳಿದ ಮಾತು.

“ಮೊದಲ ಏನೂ ಅನ್ಸತಿರಲಿಲ್ರಿ ಸರ. ಈಗ ಒಂದ ದಿನ ನಿದ್ದಿ ಕಡಿಮಿ ಆದ್ರ ಗೊತ್ತಾಗತೈತ್ರಿ.”